ಬೀಗ ಹಾಕಿದ ಲೇತ್ ಮಷೀನು

ಆ ಖಾಸಗಿ ವಿಶ್ವವಿದ್ಯಾಲಯಕ್ಕೆ ಸರ್ಕಾರದ ಅನುದಾನದಲ್ಲಿ ಬಂದ ಲೇತ್ ಮಷೀನು ಎರಡು ಆಯುಧಪೂಜೆ ಕಂಡಿತ್ತೇ ಹೊರತು ಒಂದು ಕಬ್ಬಿಣದ ಚೂರನ್ನೂ ಕಡೆದಿರಲಿಲ್ಲ. ಹುಡುಗರು ಮುಟ್ಟಿದರೆ ಹಾಳಾಗುತ್ತದೆಂದು ಕುಲಪತಿಗಳು ವರ್ಕ್‌ಶಾಪಿಗೇ ಬೀಗ ಹಾಕಿಸಿದ್ದರು.

ನಾಳೆ ಸರ್ಕಾರದ ತಪಾಸಣೆ ಎಂದಾಗ ಅಟೆಂಡರ್ ದ್ಯಾವಣ್ಣನನ್ನು ಕರೆಸಿದರು. "ದಿನಾ ಬಳಸಿದ ಹಾಗೆ ಕಾಣಬೇಕು. ಏನಾದರೂ ಮಾಡು!"

"ಎಣ್ಣೆ ನಾನೇ ಬಳೀತೀನಿ ಸಾರ್. ಆದರೆ ಹುಡುಗರ ಕೈಲಿ ಓಡಿಸಿ ತೋರಿಸಿ ಅಂದುಬಿಟ್ಟರೆ?"

ಕುಲಪತಿಗಳು ಬೀಗದ ಕೈ ತೆಗೆದುಕೊಟ್ಟರು. ಬೀಗ ತೆರೆಯಿತು. ಹುಡುಗರು ಮೈಕೈಗೆಲ್ಲ ಎಣ್ಣೆ ಮೆತ್ತಿಕೊಂಡು ಸಂಜೆವರೆಗೂ ಸರಳು ಕಡೆದು ಕಲಿತರು.

ಮರುದಿನ ಅಧಿಕಾರಿ ನೋಡಿ, ಮೆಚ್ಚಿ, ಹೊರಟರು. ದ್ಯಾವಣ್ಣ ಅವರನ್ನು ಕಾರಿನವರೆಗೂ ಬಿಟ್ಟು ಬಂದ.

"ಇನ್ನು ಬೀಗ ಹಾಕು," ಎಂದರು ಕುಲಪತಿಗಳು.

"ಹಾಕ್ತೀನಿ ಸಾರ್. ಆದರೆ ಆಫೀಸರು ಮತ್ತೆ ಬರ್ತಾರಂತೆ."

"ಯಾವಾಗ?"

"ಅದನ್ನ ಮಾತ್ರ ಹೇಳಬೇಡಿ ಅಂತ ನಾನೇ ಕೇಳಿಕೊಂಡೆ ಸಾರ್."