ಹೆಗಲಿಂದ ಇಳಿಯದ ಫೆರ್

ಲೋಕ ಇನ್ನೂ ಎಳೆಗೂಸಾಗಿತ್ತು ಮರೀ. ಬೆಟ್ಟಗಳ ಮೈ ಗಟ್ಟಿಯಾಗಿರಲಿಲ್ಲ, ನದಿಗಳಿಗೆ ದಾರಿ ಗೊತ್ತಿರಲಿಲ್ಲ. ಆಗ ಮಾತುಗಳಿಗೂ ಕೈಕಾಲು ಇದ್ದವು. ನಿನ್ನ ಜರ್ಮನ್ ಪುಸ್ತಕದಲ್ಲಿವೆಯಲ್ಲ, ಆ ಮಾತುಗಳೆಲ್ಲ ಬಡಗಣದ ಹಿಮದ ಕಾಡಿನಲ್ಲಿ ಓಡಾಡಿಕೊಂಡಿದ್ದವು.

ಹೋಗುವುದು, ಬರುವುದು, ಹಿಡಿಯುವುದು, ಇವೆಲ್ಲ ದೊಡ್ಡ ಮಾತುಗಳು. ತೋಳು ನೋಡಿದರೆ ಒನಕೆ, ಆದರೆ ಕಣ್ಣು ಕಾಣದು! ಬಿಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ. ಅದಕ್ಕೇ ಒಂದೊಂದರ ಹೆಗಲ ಮೇಲೂ ಒಂದೊಂದು ಪುಟ್ಟ ಮಾತು ಕೂತು 'ಹೊರಗೆ', 'ಮೇಲೆ', 'ಆಚೆಗೆ' ಅಂತ ದಿಕ್ಕು ಹೇಳುತ್ತಿತ್ತು.

ಆ ಪುಟ್ಟವರಲ್ಲಿ ಔಸ್ ಒಬ್ಬ. ಔಸ್ ಅಂದರೆ ಹೊರಗೆ. ಅವನು ಏರಿದ್ದು 'ಹೋಗುವ' ಗೇಹೆನ್ ಹೆಗಲನ್ನು. ಅವನ ತಂಗಿ ಫೆರ್. ಅವಳ ಹೆಸರಿಗೆ ಆಚೆಗೆ, ದೂರಕ್ಕೆ ಅಂತ ಅರ್ಥ. ಅವಳು ಕೂತಿದ್ದು ಮುದುಕ ಗೆಸೆನ್ ಹೆಗಲ ಮೇಲೆ. ಸಿಕ್ಕಿದ್ದನ್ನು ಕೈಜಾರದಂತೆ ಹಿಡಿದಿಟ್ಟುಕೊಳ್ಳುವುದು ಗೆಸೆನ್ ಕೆಲಸ.

ಅಲ್ಲೊಂದು ಕಟ್ಟಳೆಯಿತ್ತು. ದಿನಾ ಹೊತ್ತು ಮುಳುಗುವಾಗ ಪುಟ್ಟವರೆಲ್ಲ ಕೆಳಗಿಳಿದು, ಹಿಮ ತುಳಿದು, ತಮ್ಮ ತಮ್ಮ ಹೆಸರು ಕೂಗಬೇಕು. ತಪ್ಪಿಸಿದರೆ ಮುಗಿಯಿತು, ಕಾಲು ಮರಗಟ್ಟಿ ಹೆಗಲಿಗೇ ಅಂಟಿಹೋಗುತ್ತಿತ್ತು.

ಒಂದು ಚಳಿಗಾಲ ಬಂತು ನೋಡು, ಹಾಳಾದ್ದು, ಹಕ್ಕಿಗಳೂ ಕೊಂಬೆಯಲ್ಲೇ ಸೆಟೆದುಹೋದವು. ಎಲ್ಲರೂ ಹೆಪ್ಪುಗಟ್ಟಿದ ನದಿ ದಾಟಿ ಆಚೆ ದಡದ ಬೆಚ್ಚನೆ ಗುಹೆಗಳಿಗೆ ಹೊರಟರು. ಮುದುಕ ಗೆಸೆನ್ ಮಾತ್ರ ಈಚೆ ದಡದಲ್ಲೇ ಕುಸಿದು ಕೂತ.

"ಬೇಗ ದಾಟ್ರಪ್ಪಾ," ಅಂತ ನದಿ ನರಳಿತು. "ಒಬ್ಬೊಬ್ಬರೇ ಬನ್ನಿ. ಹೆಗಲ ಮೇಲಿನ ಪುಟ್ಟವರು ಸರಿ, ದೊಡ್ಡವರನ್ನು ಯಾರೂ ಎತ್ತಿಕೊಂಡು ಬರಬೇಡಿ, ನನ್ನ ಬೆನ್ನು ಬಿರೀತಿದೆ."

ಹೊತ್ತು ಮುಳುಗುತ್ತಾ ಬಂತು. ಫೆರ್ ಮುದುಕನ ಕುತ್ತಿಗೆ ತಬ್ಬಿ ಕೂತಿದ್ದಳು.

"ನೀನು ಅರೆಗಳಿಗೆ ಇಳಿದರೂ ನಾನು ಆ ಕುತ್ತಿಗೆಗೆ ನುಗ್ತೀನಿ," ಅಂತು ಗಾಳಿ. "ಮುದುಕ ಉಳಿಯಲ್ಲ. ನಾನೇನು ಮಾಡ್ಲಿ ಮಗಳೇ, ಬೀಸೋದೇ ನನ್ನ ಹಣೆಬರಹ."

"ಇಳಿಯೇ ಹುಡುಗಿ!" ಔಸ್ ಕೂಗಿಕೊಂಡ. "ಕಾಲು ಹೋದ್ಮೇಲೆ ಬಾಯಿ ಬಾಯಿ ಬಡ್ಕೊಂಡ್ರೂ ಬರಲ್ಲ. ಬಾ ನನ್ನ ಜೊತೆ!"

"ಹೇಗೆ ಇಳೀಲಿ ಅಣ್ಣಾ? ಹುಟ್ಟಿದಾಗಿಂದ ನನ್ನ ಹೊತ್ತು ತಿರುಗಿದಾನೆ."

"ಇಳಿಯಮ್ಮಾ," ಅಂದ ಗೆಸೆನ್. "ನಂದೇನು, ಇವತ್ತೋ ನಾಳೆಯೋ ಬೀಳೋ ಮರ."

ಫೆರ್ ಇನ್ನೂ ಬಿಗಿಯಾಗಿ ತಬ್ಬಿಕೊಂಡಳು.

ಔಸ್ ಅಳುತ್ತಾ ಗೇಹೆನ್ ಹೆಗಲ ಮೇಲೆ ನದಿ ದಾಟಿದ. ಅವನ ಬೆನ್ನಹಿಂದೆಯೇ ನದಿಯ ಮಂಜುಗಡ್ಡೆ ಫಳಾರೆಂದು ಒಡೆಯಿತು. ಆಚೆ ದಡದಲ್ಲಿ ಅವನು ಕೆಳಗಿಳಿದು, ಹಿಮ ತುಳಿದು, ತನ್ನ ಹೆಸರು ಕೂಗಿದ. ಈಚೆ ದಡದಲ್ಲಿ ಯಾರೂ ಇಳಿಯಲಿಲ್ಲ.

ಮುದುಕ ಬದುಕಿಕೊಂಡ ಮರೀ, ಬದುಕಿಕೊಂಡ. ಆದರೆ ಫೆರ್‌ಳ ಕಾಲು ಅವನ ಹೆಗಲಲ್ಲಿ ಕರಗಿಹೋಗಿತ್ತು. ಅವಳ 'ದೂರ' ಅವನ ಕೈಗೆ ಇಳಿದಿತ್ತು. ಅವನು ಹಿಡಿದದ್ದೆಲ್ಲ ದೂರ ದೂರ ಜಾರತೊಡಗಿತು. ಮೊದಲು ಮರಗಳ ಹೆಸರು ಜಾರಿತು, ಆಮೇಲೆ ಹಾಡುಗಳು, ಆಮೇಲೆ ಅವನ ತಾಯಿಯ ಮುಖ. ಮೈ ಒಂದೇ ಆದಮೇಲೆ ಮನಸ್ಸು ಬೇರೆ ಇರುತ್ತದೆಯೇ? ಅವನಿಂದ ಜಾರಿದ್ದು ಅವಳಿಂದಲೂ ಜಾರಿತು. ಇಬ್ಬರೂ ಸೇರಿ ಫೆರ್‌ಗೆಸೆನ್ ಅನ್ನುವ ಒಂದೇ ಮಾತಾದರು. ಅಂದರೆ, ಮರೆಯುವುದು.

ಬೇಸಿಗೆಗೆ ಔಸ್ ನದಿಯನ್ನು ಈಜಿ ಬಂದ. "ತಂಗೀ!" ಅಂತ ಓಡಿದ.

ಫೆರ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಪ್ಪಾ ನೀನು? ಪಾಪ, ಎಷ್ಟು ನೆನೆದಿದ್ದೀಯ. ಬಾ, ಬಿಸಿಲಿಗೆ ಕೂತ್ಕೋ," ಅಂದಳು.

ಔಸ್ ಕೂತ. ಮೈ ಒಣಗುವವರೆಗೂ ಅವಳ ಪಕ್ಕದಲ್ಲೇ ಕೂತಿದ್ದು, ತಾನು ಯಾರೆಂದು ಹೇಳದೆ ಎದ್ದುಹೋದ. ಹೇಳಿದ್ದರೆ ತಾನೇ ಏನು, ಅದೂ ಜಾರಿಹೋಗುತ್ತಿತ್ತು.

ಅದಕ್ಕೇ ಮರೀ, ನಿನ್ನ ಪುಸ್ತಕದಲ್ಲಿ ಇವತ್ತಿಗೂ ಔಸ್ ಆಗಾಗ ಗೇಹೆನ್ ಹೆಗಲಿಂದ ಇಳಿದು, ವಾಕ್ಯದ ತುತ್ತತುದಿಗೆ ಹೋಗಿ ಒಬ್ಬನೇ ನಿಲ್ಲುತ್ತಾನೆ. ಫೆರ್ ಮಾತ್ರ ಎಂದೂ ಇಳಿಯುವುದಿಲ್ಲ, ಅಲ್ಲಿ ನಿಂತಿರುವವನು ತನ್ನ ಅಣ್ಣ ಅನ್ನುವುದೂ ಅವಳಿಗೆ ಗೊತ್ತಿಲ್ಲ.