ಪುಕ್ಕಟೆ ಕೊಟ್ಟ ತಂತ್ರಾಂಶ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಚೆನ್ನಮಲ್ಲ ಎಂಬ ಶಿಷ್ಯನಿದ್ದ. ಕಂಪ್ಯೂಟರ್ ವಿದ್ಯೆ ಕಲಿತು ಬಂದವನು.

ಸುತ್ತಲೂ ನೇಕಾರರ ಊರುಗಳು. ಅವರಿಗಾಗಿ ಅವನು ಸೀರೆಯ ಅಂಚು, ಸೆರಗಿನ ವಿನ್ಯಾಸ ಬಿಡಿಸುವ ತಂತ್ರಾಂಶವೊಂದನ್ನು ಬರೆದ. ಅದರೊಳಗಿನ ಕೋಡ್ ಸಾಲುಗಳನ್ನೂ ಮುಚ್ಚಿಡದೆ ಇಂಟರ್ನೆಟ್ಟಿನಲ್ಲಿ ಇಟ್ಟ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಕಾಸು ಕೊಡಬೇಕಿಲ್ಲ.

ನೇಕಾರರು ಬಂದು ಕಾಲಿಗೆರಗಿದರು. ಚೆನ್ನಮಲ್ಲ ಬೇಡ ಬೇಡ ಎನ್ನುತ್ತಲೇ ಒಳಗೊಳಗೆ ಹಿಗ್ಗಿದ.

ಒಂದು ಬೆಳಿಗ್ಗೆ ಶಾವಂತ್ರಿ ಎಂಬ ಹೆಂಗಸು ಬಂದು ಗುರುಗಳಿಗೆ ನಮಸ್ಕರಿಸಿದಳು.

"ಅಡುಗಿಮನ್ಯಾಗ ಏನರ ಕೆಲಸ ಐತೇನ್ರಿ ಅಜ್ಜಾರ?"

"ನಿನಗೆ ನಿನ್ನದೇ ಕೆಲಸವಿತ್ತಲ್ಲ ತಂಗಿ?"

"ಇತ್ರಿ. ಸೀರಿ ಅಂಚಿನ ಸಾಫ್ಟ್‌ವೇರ್ ಬರದು ಮಾರತಿದ್ದೆ. ಈಗ ಅಂಥಾದ್ದು ಪುಕ್ಕಟೆ ಸಿಗತೈತಿ. ನಂದು ಯಾರೂ ಕೊಳ್ಳಂಗಿಲ್ಲ."

ಪಕ್ಕದಲ್ಲಿದ್ದ ಚೆನ್ನಮಲ್ಲ, "ಅದನ್ನು ಬರೆದವನು ನಾನು" ಎಂದ.

ಅವಳು ಬೈಯಲಿಲ್ಲ. "ನಂದಕ್ಕಿಂತ ಛಲೋ ಐತ್ರಿ" ಎಂದಳು.

ಬೈದಿದ್ದರೆ ವಾಸಿಯಿತ್ತು.

ಅವಳು ಒಳಗೆ ಹೋದ ಮೇಲೆ ಚೆನ್ನಮಲ್ಲ ಕೇಳಿದ, "ಗುರುಗಳೇ, ವಿದ್ಯೆಯನ್ನು ಮಾರಬಾರದೆಂದು ಹಾಗೇ ಕೊಟ್ಟೆ. ತಪ್ಪೇ?"

"ಬರೆಯುವಾಗ ಹೊಟ್ಟೆಗೆ ಏನು ಮಾಡಿದೆ?"

"ಇಲ್ಲೇ ಉಂಡೆ."

"ಜೋಳ ಎಲ್ಲಿಂದ ಬಂತು?"

"ಭಕ್ತರು ಕೊಟ್ಟದ್ದು."

"ಪ್ರತಿ ಸುಗ್ಗಿಗೂ ಇವಳು ಒಂದು ಚೀಲ ಕಳಿಸುತ್ತಿದ್ದಳು. ಈ ಸಲ ಬರಲಿಲ್ಲ."

ಮಧ್ಯಾಹ್ನ ರೊಟ್ಟಿ ಬಡಿಸಿದವಳು ಶಾವಂತ್ರಿಯೇ. ಅವನು ಅರ್ಧಕ್ಕೇ ಎದ್ದ.

"ನಾಳೆಯೇ ತಂತ್ರಾಂಶಕ್ಕೆ ಬೆಲೆ ಇಡುತ್ತೇನೆ" ಎಂದು ಗುರುಗಳ ಮುಂದೆ ನಿಂತ.

"ನೇಕಾರರ ಕೈಯಿಂದ ಕಿತ್ತುಕೊಂಡರೆ ನಿನ್ನ ನಾಚಿಕೆ ಹೋಗುತ್ತದೆಯೇ?"



ಮರುದಿನ ಶಾವಂತ್ರಿಯನ್ನು ಕರೆದುಕೊಂಡು ನೇಕಾರರ ಓಣಿಗೆ ಹೋದ. ಮನೆಮನೆಯ ಬಾಗಿಲಲ್ಲಿ ನಿಂತು ಹೇಳಿದ, "ತಂತ್ರಾಂಶ ಪುಕ್ಕಟೆಯೇ ಇರಲಿ. ಆದರೆ ಅದು ಕೈಕೊಟ್ಟಾಗ ಬಂದು ಸರಿಮಾಡುವವರು, ಹೊಸ ಅಂಚು ಕೂಡಿಸಿಕೊಡುವವರು ಬೇಕಲ್ಲ? ಈಕೆ ಬರುತ್ತಾಳೆ. ಈಕೆಗೆ ಕೂಲಿ ಕೊಡಿ."

ಕೆಲವರು ಒಪ್ಪಿದರು. ಹಲವರು ಮುಖ ತಿರುಗಿಸಿದರು.

ಮಗ್ಗದ ಮೇಲಿದ್ದ ಮುದುಕನೊಬ್ಬ ನಕ್ಕ. "ಆಕಿ ಯಾಕ್ರಿ? ನೀವ ಪುಕ್ಕಟೆ ಬರ್ರಿ ಸ್ವಾಮಿ. ನಿಮಗೇನು, ಆಶ್ರಮದಾಗ ಊಟ ಐತಿ."

ಶಾವಂತ್ರಿ ನೆಲ ನೋಡಿದಳು. ಚೆನ್ನಮಲ್ಲನಿಗೆ ಅವಳತ್ತ ತಿರುಗಲು ಮುಖವಿರಲಿಲ್ಲ.

ಸಂಜೆ ಗುರುಗಳು ಹೊಳೆಯಲ್ಲಿ ಕಾಲು ತೊಳೆಯುತ್ತಿದ್ದರು. ಅವನು ದೂರದಲ್ಲೇ ನಿಂತ.

"ಗುರುಗಳೇ, ಎಲ್ಲರೆದುರು ಮಾನ ಹೋಯಿತು. ಇನ್ನು ಆ ಓಣಿಗೆ ಕಾಲಿಡಲಾರೆ."

ಗುರುಗಳು ದಡಕ್ಕೆ ಬಂದರು.

"ಇಷ್ಟು ದಿನ ನೀನು ಕೊಟ್ಟದ್ದು ಅವಳ ಅನ್ನ. ನಾಳೆಯೂ ಹೋಗು, ನಿನ್ನ ಮಾನವನ್ನು ಕೊಟ್ಟು ಬಾ."