ಗೀಜಗ ಹೆಣೆದ ನಸುಗುನ್ನಿ ಚೀಲ

ಒಂದು ಕಾಡಿನಲ್ಲಿ ಹಳ್ಳವೊಂದು ಹರಿಯುತ್ತಿತ್ತು. ಹಳ್ಳದ ಈಚೆ ದಡ ನರಿ ದಳವಾಯಿಯ ಪಡೆಯದು, ಆಚೆ ದಡ ಕಾಡುಹಂದಿಗಳದು. ನಡುವೆ ಒಂದು ನಡುಗಡ್ಡೆ. ಅಲ್ಲಿ ಕೆದಕಿದಲ್ಲೆಲ್ಲ ಗೆಡ್ಡೆ, ಕಲ್ಲೆತ್ತಿದಲ್ಲೆಲ್ಲ ಏಡಿ. ಅದು ಯಾರದು ಎಂಬ ಜಗಳಕ್ಕೆ ಮೂರು ಮಳೆಗಾಲ ತುಂಬಿತ್ತು.

ಈಚೆ ದಡದ ಈಚಲು ಮರದಲ್ಲಿ ನೂಲಪ್ಪನೆಂಬ ಗೀಜಗ ಗೂಡು ಕಟ್ಟಿಕೊಂಡಿದ್ದ. ಗೂಡಿನಲ್ಲಿ ಹೆಂಡತಿ, ಈಗಷ್ಟೇ ಕಣ್ಣು ಬಿಟ್ಟ ಮರಿಗಳು. ನೂಲಪ್ಪನದು ಮಾತು ಕಡಿಮೆ, ನೋಟ ಜಾಸ್ತಿ. ನಡುಗಡ್ಡೆಯ ಜಗಳದಲ್ಲಿ ಯಾರದು ಸರಿ ಎಂದು ಅವನು ಯಾವತ್ತೂ ಕೇಳಿದವನಲ್ಲ. ಆದರೆ ಒಂದು ಎಳೆ ಇನ್ನೊಂದನ್ನು ಹೇಗೆ ಹಿಡಿದುಕೊಳ್ಳುತ್ತದೆ, ಯಾವಾಗ ಬಿಟ್ಟುಕೊಡುತ್ತದೆ ಎಂದು ನೋಡುತ್ತ ಕೂತರೆ ಹೊಟ್ಟೆ ಹಸಿದದ್ದೂ ಅವನಿಗೆ ತಿಳಿಯುತ್ತಿರಲಿಲ್ಲ.

ಈಚೆ ದಡದ ಬಲವೆಂದರೆ ನಸುಗುನ್ನಿ ಕಾಯಿ. ಅದರ ಮೇಲಿನ ಹೊಂಬಣ್ಣದ ಸಣ್ಣ ರೋಮ, ಆ ಸುಂಕು, ಮೈಗೆ ತಾಗಿತೋ, ಚರ್ಮ ಕಿತ್ತುಬರುವಷ್ಟು ತುರಿಕೆ. ಮುಳ್ಳಜ್ಜಿ ಎಂಬ ಮುದಿ ಮುಳ್ಳುಹಂದಿ ಆ ಕಾಯಿಗಳನ್ನು ಒಣಗಿಸಿ ಬಂಡೆಸಂದಿಯಲ್ಲಿ ಇಟ್ಟಿರುತ್ತಿದ್ದಳು. ಸಂಜೆಯಾದರೆ ಹಂದಿಗಳು ಬರುವ ದಾರಿಯಲ್ಲಿ ಹಾಸುವಳು. ಬೆಳಗಾದರೆ ಒಂದೂ ಬಿಡದೆ ಹೆಕ್ಕುವಳು. ಹಗಲು ಅದೇ ದಾರಿಯಲ್ಲಿ ಮೊಲದ ಮರಿಗಳು ಆಡುತ್ತಿದ್ದವು.

ಹಂದಿಗಳೇನು ದಡ್ಡವೇ? ಆ ದಾರಿಯನ್ನೇ ಬಿಟ್ಟುಬಿಟ್ಟವು. ನೇರವಾಗಿ ನಡುಗಡ್ಡೆಗೆ ಈಜತೊಡಗಿದವು. ಕಾಯಿಯ ಹತ್ತಿರ ಹಂದಿ ಬರದಿದ್ದರೆ ಹಂದಿಯ ಹತ್ತಿರ ಕಾಯಿಯೇ ಹೋಗಲಿ ಎಂದು ನರಿ ಹದ್ದನ್ನು ಕರೆಸಿದ. ಹದ್ದು ಉಗುರಲ್ಲಿ ಕಾಯಿ ಹಿಡಿದು ಹಾರಿತು. ಗಾಳಿಗೆ ಸುಂಕೆಲ್ಲ ಹಾರಿ ಹದ್ದಿನ ಹೊಟ್ಟೆಗೇ ಮೆತ್ತಿಕೊಂಡಿತು. ಕೆಳಗೆ ಬಿದ್ದದ್ದು ಬೋಳು ಕಾಯಿ. ಹಂದಿಯೊಂದು ಅದನ್ನು ಮೂಸಿ, ಸೀನಿ, ಮುಂದೆ ಹೋಯಿತು. ಹದ್ದು ಎರಡು ದಿನ ಬಂಡೆಗೆ ಹೊಟ್ಟೆ ಉಜ್ಜುತ್ತ ನರಿಯ ವಂಶವನ್ನೆಲ್ಲ ನೆನೆಸಿಕೊಂಡಿತು.

ಆಗ ನರಿ ಈಚಲು ಮರದ ಬುಡಕ್ಕೆ ಬಂದ. ಯುದ್ಧದ ಮಾತನ್ನೇ ಎತ್ತಲಿಲ್ಲ. ಯಾರಿಗೆ ಯಾವುದರ ಹಸಿವು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನೂಲಣ್ಣ, ನಂಗೊಂದು ಸಣ್ಣ ಸಂಶಯ. ಹಾರುವಾಗ ಬಿಗಿಯಾಗಿರಬೇಕು, ಕೈಬಿಟ್ಟ ಕೂಡಲೇ ತಾನಾಗಿ ಬಾಯಿ ತೆರೀಬೇಕು. ಅಂಥಾ ಚೀಲ ಯಾರ ಕೈಲೂ ಆಗೋದಿಲ್ಲ ಅಂತಾರಲ್ಲ, ಹೌದಾ?"

ನೂಲಪ್ಪ ಆಗಲೇ ಒಂದು ಹುಲ್ಲೆಳೆ ಸೀಳುತ್ತಿದ್ದ.

ಮೊದಲ ಚೀಲ ಗಿರಗಿರನೆ ಸುತ್ತುತ್ತ ಎಲ್ಲೋ ಹೋಗಿ ಬಿತ್ತು. ನೂಲಪ್ಪ ಅದರೊಳಗೆ ತೂಕಕ್ಕೊಂದು ದುಂಡುಗಲ್ಲು ಇಟ್ಟ. ನೆಟ್ಟಗೆ ಬೀಳಲೆಂದು ಪಾರಿವಾಳದ ಗರಿಯೊಂದನ್ನು ಬಾಲದ ಹಾಗೆ ಸಿಕ್ಕಿಸಿದ. ಬಾಯಿಗೆ ಜಾರುಗಂಟು ಹಾಕಿ, ಅದರ ಎಳೆಯನ್ನು ಹದ್ದಿನ ಕಾಲಿಗೆ ಕಟ್ಟಿದ. ಚೀಲ ಬೀಳುತ್ತಲೇ ಎಳೆ ಜಗ್ಗಬೇಕು, ಗಂಟು ಬಿಚ್ಚಬೇಕು, ಸುಂಕು ಮಳೆಯ ಹಾಗೆ ಸುರಿಯಬೇಕು. ಮರಿಗಳಿಗೆ ಹುಳ ತರುವುದು ಯಾವಾಗ ಎಂದು ಹೆಂಡತಿ ಮೂರು ಸಲ ಕೇಳಿದಳು. ಮೂರು ಸಲವೂ ಅವನು ಹೂಂ ಎಂದ.

ಮರುದಿನ ಹದ್ದು ಮೂರು ಚೀಲ ಹೊತ್ತು ನಡುಗಡ್ಡೆಯ ಮೇಲೆ ಹಾರಿತು. ಹಂದಿಗಳು ಚೀರುತ್ತ, ಒಂದಕ್ಕೊಂದು ಮೈ ಉಜ್ಜುತ್ತ, ಆಚೆ ದಡದ ಕೆಸರಿಗೆ ಓಡಿ ಬಿದ್ದವು. ಈಚೆ ದಡದಲ್ಲಿ ಕುಣಿತವೋ ಕುಣಿತ. ನೂಲಪ್ಪ ಮಾತ್ರ ಹದ್ದಿನ ಬಳಿಗೆ ಹೋಗಿ, ಗಂಟು ಹೇಗೆ ಬಿಚ್ಚಿತೆಂದು ಕೇಳಿದ. ಎರಡು ಬಿಚ್ಚಿದವು, ಇನ್ನೊಂದರ ಎಳೆ ತುಂಡಾಗಿ ಚೀಲ ಇಡಿಯಾಗಿಯೇ ಬಿತ್ತು ಎಂದಿತು ಹದ್ದು. ಎಳೆ ಯಾಕೆ ತುಂಡಾಯಿತು? ಹುಲ್ಲು ಒಣಗಿತ್ತೇ? ನೂಲಪ್ಪನಿಗೆ ಅದೇ ಯೋಚನೆ.

"ಆ ಬಿಚ್ಚದ ಚೀಲ ಈಗ ಎಲ್ಲಿದೆ ಮಗಾ?" ಎಂದು ಮುಳ್ಳಜ್ಜಿ ಕೇಳಿದಳು. "ನಾನು ನೆಲಕ್ಕೆ ಹಾಸಿದ್ದನ್ನ ನಾನೇ ಹೆಕ್ತೀನಿ. ಇದನ್ನ ಹೆಕ್ಕೋರು ಯಾರು?"

ನೂಲಪ್ಪ ಅದನ್ನು ಯೋಚಿಸಿಯೇ ಇರಲಿಲ್ಲ. ನರಿ ನಕ್ಕುಬಿಟ್ಟ. "ಅಜ್ಜಿ, ಹಂದಿಗೆ ಇರೋದು ಮೂತಿ. ಮೂತೀಲಿ ಗಂಟು ಕಲಿಯೋಕಾಗುತ್ತಾ?"

ಐದನೆಯ ಬೆಳಗ್ಗೆ ಆಚೆ ದಡದಿಂದ ಬೆಳ್ಳಕ್ಕಿಗಳು ಬಂದವು. ದಿನವೂ ಹಂದಿಗಳ ಬೆನ್ನೇರಿ ಉಣ್ಣಿ ಹುಳ ಹೆಕ್ಕುವ ಹಕ್ಕಿಗಳು ಅವು. ಅವುಗಳ ಕಾಲಲ್ಲಿ ಏನೋ ತೂಗುತ್ತಿತ್ತು. ಮೊದಲನೆಯ ಚೀಲ ಗುಹೆಯ ಮುಂದೆ ಸಭೆ ನಡೆಸುತ್ತಿದ್ದ ನರಿಯ ನೆತ್ತಿಯ ಮೇಲೆ ಬಾಯಿ ತೆರೆಯಿತು. ಇನ್ನೊಂದು ಗಾಳಿಗೆ ವಾಲಿ ಈಚಲು ಮರದ ಹತ್ತಿರ ಬಂತು.

ನೆಲಕ್ಕೆ ಬಿದ್ದ ಖಾಲಿ ಚೀಲದ ಬಳಿಗೆ ನೂಲಪ್ಪ ಹಾರಿದ. ಅದೇ ಹೆಣಿಗೆ, ಅದೇ ಗರಿಬಾಲ. ಆದರೆ ತನ್ನ ಹುಲ್ಲೆಳೆ ಇದ್ದ ಕಡೆ ಜೇಡರ ಬಲೆಯ ನೂಲನ್ನು ಹೊಸೆದ ದಾರವಿತ್ತು. ಜಗ್ಗಿ ನೋಡಿದ. ತುಂಡಾಗಲಿಲ್ಲ. ತಾನು ಐದು ದಿನದಿಂದ ಹುಡುಕುತ್ತಿದ್ದದ್ದು ಇದೇ. ಎಷ್ಟು ಚೆನ್ನಾಗಿದೆ ಅನ್ನಿಸಿ ಅವನ ಎದೆ ಒಂದು ಗಳಿಗೆ ಅರಳಿತು.

ಅಷ್ಟರಲ್ಲಿ ಮೇಲಿನಿಂದ ಮರಿಗಳ ಕೂಗು ಕೇಳಿಸಿತು. ಗೂಡಿನ ಬಾಯಿಗೆಲ್ಲ ಸುಂಕು ಮೆತ್ತಿತ್ತು. ಮರಿಗಳ ಕಣ್ಣು ಊದಿ ಮುಚ್ಚಿಕೊಂಡಿದ್ದವು.

ತುರಿಕೆಗೆ ಮದ್ದು ತಣ್ಣನೆಯ ಕೆಸರೊಂದೇ. ಆ ಕೆಸರು ಇದ್ದದ್ದು ಆಚೆ ದಡದಲ್ಲಿ. ನೂಲಪ್ಪ ಹಿಂದೆಮುಂದೆ ನೋಡದೆ ಹಳ್ಳ ದಾಟಿದ. ಕೆಸರಿನಂಚಿನ ಪೊದೆಯಲ್ಲಿ ಎಲೆ ಹೊಲಿದು ಗೂಡು ಮಾಡುವ ಸಿಂಪಿಗ ಹಕ್ಕಿಯೊಂದು ಕೂತಿತ್ತು. ಅದರ ಕೊಕ್ಕಿನಲ್ಲಿ ಜೇಡರ ನೂಲಿನ ಎಳೆಯಿತ್ತು.

"ಆ ಗಂಟು ನಿಮ್ದಾ?" ಎಂದಿತು ಸಿಂಪಿಗ.

"ಹೂಂ. ದಾರ ನಿಮ್ದಾ?"

"ಹೂಂ. ಇಡಿಯಾಗಿ ಬಿದ್ದ ಚೀಲದಲ್ಲಿ ನಿಮ್ಮ ಗಂಟು ಬಿಚ್ಚಿ ಬಿಚ್ಚಿ ಕಟ್ಟಿ ಕಲಿತೆ, ಅದರಲ್ಲಿದ್ದ ಸುಂಕನ್ನೇ ಹಂಚಿ ತುಂಬಿದೆ. ಎರಡು ದಿನ ಊಟಾನೂ ಮಾಡಿಲ್ಲ. ಯಾರ ಕೈಕೆಲಸವೋ, ಒಮ್ಮೆ ನೋಡಬೇಕು ಅನ್ನಿಸಿತ್ತು."

ನೂಲಪ್ಪ ತನ್ನ ಮರಿಗಳ ಸಂಗತಿ ಹೇಳಿದ. ಸಿಂಪಿಗ ಕೊಕ್ಕಿನ ಎಳೆಯನ್ನು ಕೆಳಗೆ ಬಿಟ್ಟಿತು. ಒಳ್ಳೆಯ ಕೆಸರು ಎಲ್ಲಿದೆಯೆಂದು ಅದು ಕೊಕ್ಕು ಚಾಚಿ ತೋರಿಸಿತು.

ಅಲ್ಲಿ ಹಂದಿಗಳ ನಡುವೆ ಒಂದು ಚೂಪು ಮೂತಿ ಕಾಣುತ್ತಿತ್ತು. ಅದು ನರಿ ದಳವಾಯಿಯದು. ತುರಿಕೆ ತಾಳಲಾರದೆ ಅವನು ಹಳ್ಳ ಈಜಿ ಬಂದು ಹಂದಿಗಳ ಕಾಲು ಹಿಡಿದಿದ್ದ. ಮುದಿ ಹಂದಿಯೊಂದು ಸರಿದು ಜಾಗ ಕೊಟ್ಟಿತ್ತು. "ಬಾ ದಳವಾಯಿ, ಬಿದ್ಕೋ. ಆದ್ರೆ ನಡುಗಡ್ಡೆ ಮೇಲೆ ನಿನ್ನ ಹೆಜ್ಜೆ ಕಂಡ್ರೆ ಈ ಕೆಸರಲ್ಲಿ ನಿನಗೆ ಜಾಗ ಇಲ್ಲ." ನರಿ ಒಪ್ಪಿಕೊಂಡಿದ್ದ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ನೂಲಪ್ಪ ಹತ್ತಿರ ಬಂದದ್ದು ಕಂಡು ನರಿ ಮೂತಿ ಎತ್ತಿ ಪಿಸುಗುಟ್ಟಿದ. "ನೂಲಣ್ಣ, ಹತ್ತು ಹದ್ದು ಸೇರಿ ಹೊರೋವಂಥದ್ದು ಒಂದು, ಯೋಚನೆ ಮಾಡಿದ್ದೀಯಾ? ಯಾರ ಕೈಲೂ ಆಗೋದಿಲ್ಲ ಅಂತಾರೆ."

ನೂಲಪ್ಪನ ಕೊಕ್ಕಿನ ತುಂಬ ಕೆಸರಿತ್ತು. ಅವನು ನರಿಯನ್ನು ಒಮ್ಮೆ ನೋಡಿದ. ಹಾರಿಹೋದ.

ಸಂಜೆಯವರೆಗೆ ಎಷ್ಟು ಸಲ ಹಳ್ಳ ದಾಟಿದನೋ. ಮರಿಗಳು ಉಳಿದವು. ಒಂದು ಮರಿಯ ಎಡಗಣ್ಣು ಮಾತ್ರ ಮತ್ತೆ ತೆರೆಯಲಿಲ್ಲ. ಆಮೇಲೆ ಯಾರು ಏನು ಹೆಣೆದುಕೊಡು ಎಂದು ಬಂದರೂ ನೂಲಪ್ಪ ಎಳೆ ಮುಟ್ಟುವ ಮೊದಲು ಒಂದು ಮಾತು ಕೇಳುತ್ತಿದ್ದ: "ಇದು ಯಾರ ಮೇಲೆ ಬೀಳುತ್ತೆ?"

ನೀತಿ: ಶತ್ರುವಿನ ಮೇಲೆ ಎಸೆದ ಆಯುಧ ಅವನಿಗೆ ಕಲಿಸಿದ ವಿದ್ಯೆಯೂ ಹೌದು, ಅದು ತಿರುಗಿ ಬರುವಾಗ ದಳವಾಯಿಯ ಗುಹೆ, ಮಕ್ಕಳ ಗೂಡು ಎಂಬ ಭೇದ ಮಾಡುವುದಿಲ್ಲ.